ಬೆಂಗಳೂರು ಶಿಕ್ಷಕರ ಕ್ಷೇತ್ರ

ಬೆಂಗಳೂರು ಶಿಕ್ಷಕರ ಕ್ಷೇತ್ರವು ಕರ್ನಾಟಕ ವಿಧಾನ ಪರಿಷತ್ತಿನ 7 ಶಿಕ್ಷಕರ ಕ್ಷೇತ್ರಗಳಲ್ಲಿ ಒಂದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಬಡಾವಣೆಗಳ ಅರ್ಹ ಶಿಕ್ಷಕರು ಇದರ ವ್ಯಾಪ್ತಿಗೆ ಸೇರುತ್ತಾರೆ. ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಹಂತದ ವಿದ್ಯಾಸಂಸ್ಥೆಯಲ್ಲಿ ಬೋಧಿಸಿದವರು ಮತದಾರರಾಗಿ ಹೆಸರು ನೋಂದಾಯಿಸಬಹುದು. ಸದಸ್ಯರ ಅವಧಿ 6 ವರ್ಷ.

ಮತದಾನ ಪದ್ಧತಿ

ವಿಧಾನಸಭೆಯ ಚುನಾವಣೆಯಲ್ಲಿ ಉಳಿದವರಿಗಿಂತ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಪರಿಷತ್ತಿನ ಚುನಾವಣೆಗೆ ಸಂವಿಧಾನದ 171(4)ನೆಯ ವಿಧಿಯು ಅನುಪಾತೀಯ ಪ್ರಾತಿನಿಧ್ಯದ ಏಕ ವರ್ಗಾವಣೀಯ ಮತ ಪದ್ಧತಿಯನ್ನು ವಿಧಿಸಿದೆ. ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿಗಳನ್ನು ಬರೆಯುತ್ತಾರೆ. ಕನ್ನಡದ ಅಂಕಿಗಳೂ ಸಲ್ಲುತ್ತವೆ. ಮೊದಲ ಪ್ರಾಶಸ್ತ್ಯದ ಅಂಕಿ ಕಡ್ಡಾಯ. ಅಂಕಿಯ ಬದಲು ಬರಿಯ ಗುರುತು ಹಾಕಿದ ಮತಪತ್ರ ತಿರಸ್ಕೃತವಾಗುತ್ತದೆ.

ಎಣಿಕೆ

ಸ್ಥಾನ ಒಂದೇ ಆದುದರಿಂದ ಸಿಂಧು ಮತಗಳ ಅರ್ಧಕ್ಕೆ ಒಂದನ್ನು ಕೂಡಿಸಿದ ಸಂಖ್ಯೆಯೇ ಗೆಲುವಿನ ಕೋಟಾ. 10,000 ಸಿಂಧು ಮತಗಳಿದ್ದರೆ ಕೋಟಾ 5,001. ಯಾರೂ ಅದನ್ನು ಮುಟ್ಟದಿದ್ದರೆ ಕನಿಷ್ಠ ಮತ ಪಡೆದವರನ್ನು ಕೈಬಿಟ್ಟು, ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಉಳಿದವರಿಗೆ ವರ್ಗಾಯಿಸಲಾಗುತ್ತದೆ. ಒಂದೇ ಸ್ಥಾನವನ್ನು ಪಕ್ಷಗಳ ನಡುವೆ ಹಂಚಲಾಗದು. ಹೀಗಾಗಿ ಇಲ್ಲಿ ಪದ್ಧತಿಯ ಫಲ ಬಹುಮತದ ಖಾತರಿಯೇ ಹೊರತು ಅನುಪಾತವಲ್ಲ. ಶಾಸಕರು ಹಲವು ಸ್ಥಾನಗಳಿಗೆ ಒಮ್ಮೆಗೇ ಮತ ನೀಡುವ ಚುನಾವಣೆಯಲ್ಲಿ ಮಾತ್ರ ಅನುಪಾತ ನಿಜವಾಗಿ ಕಾಣುತ್ತದೆ.

2024ರ ಉಪಚುನಾವಣೆ

ಕ್ಷೇತ್ರದ ಸದಸ್ಯರಾಗಿದ್ದ ಪುಟ್ಟಣ್ಣ 2023ರಲ್ಲಿ ರಾಜೀನಾಮೆ ನೀಡಿ, ರಾಜಾಜಿನಗರ ವಿಧಾನಸಭಾ ಕ್ಷೇತ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸ್ಪರ್ಧಿಸಿ, ಎಸ್. ಸುರೇಶ್ ಕುಮಾರ್ ಅವರೆದುರು ಸೋತರು. ತೆರವಾದ ಪರಿಷತ್ ಸ್ಥಾನಕ್ಕೆ 2024ರ ಫೆಬ್ರವರಿ 16ರಂದು ಮತದಾನ ನಡೆದು, ಪುಟ್ಟಣ್ಣ ಅವರೇ ಕಾಂಗ್ರೆಸ್ಸಿನಿಂದ ಮರಳಿ ಆಯ್ಕೆಯಾದರು.