ಕುದುರೆ ಲಾಯದಿಂದ ಮೋಟಾರ್ ಸೈಕಲ್ ಮಳಿಗೆಗೆ: ತುಮಕೂರು, ಗುಬ್ಬಿ ಮತ್ತು ಕುಣಿಗಲ್

ತುಮಕೂರು ನಗರವು ಬೆಂಗಳೂರಿನಿಂದ ವಾಯವ್ಯಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿದ್ದು, ಪುಣೆಯ ಕಡೆಗೆ ಸಾಗುವ ಹೆದ್ದಾರಿಯೂ ಹೊನ್ನಾವರದ ಕಡಲತೀರಕ್ಕೆ ಇಳಿಯುವ ರಸ್ತೆಯೂ ಬೇರೆಯಾಗುವ ಸ್ಥಳವಾಗಿದೆ. ಬೆಂಗಳೂರು–ಹೊನ್ನಾವರ ರಸ್ತೆಯನ್ನು ಊರಿನವರು ಬಿ.ಎಚ್. ರಸ್ತೆ ಎಂದೇ ಕರೆಯುತ್ತಾರೆ. ನಗರದ ನಡುವೆ ಹಾದುಹೋಗುವ ಈ ರಸ್ತೆ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ಸಾಗಿ ಗುಬ್ಬಿಯನ್ನು ಮುಟ್ಟಿ, ಅಲ್ಲಿಂದ ತಿಪಟೂರು, ಅರಸೀಕೆರೆ, ಶಿವಮೊಗ್ಗಗಳ ದಾರಿ ಹಿಡಿಯುತ್ತದೆ. ಕುಣಿಗಲ್ ಇರುವುದು ಜಿಲ್ಲೆಯ ದಕ್ಷಿಣ ಭಾಗದಲ್ಲಿ, ಬೆಂಗಳೂರಿನಿಂದ ಹಾಸನದ ಮೂಲಕ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲೆ. ಹೀಗೆ ದಾರಿಗಳ ಮೇಲೆಯೇ ಬೆಳೆದ ಈ ಮೂರು ಊರುಗಳ ಚರಿತ್ರೆಯನ್ನು ಅಲ್ಲಿನ ಜನ ಸಾಕಿದ, ಮಾರಿದ, ದುರಸ್ತಿ ಮಾಡಿದ ವಾಹನಗಳ ಮೂಲಕವೂ ಓದಬಹುದು. ಹಾಗೆ ಓದಿದಾಗ ಮೊದಲು ಎದುರಾಗುವುದು ಕುಣಿಗಲ್ಲಿನ ಕುದುರೆ, ಅದರ ನಂತರ ಬಿ.ಎಚ್. ರಸ್ತೆಯ ಮೋಟಾರ್ ಸೈಕಲ್.

ಕುಣಿಗಲ್ ಎಂದೊಡನೆ ಕನ್ನಡಿಗರಿಗೆ ಜನಪದ ಗೀತೆಯಲ್ಲಿ ಹೆಸರಾದ ದೊಡ್ಡ ಕೆರೆ ನೆನಪಾಗುತ್ತದೆ. ಊರಿನ ಎರಡನೆಯ ಹೆಗ್ಗುರುತು ಕುದುರೆ ಫಾರಂ. ಕುದುರೆಗಳ ತಳಿ ಬೆಳೆಸುವ ಇಂಥ ತಾಣವನ್ನು ಸ್ಟಡ್ ಫಾರಂ ಎನ್ನುತ್ತಾರೆ. ನಾಲ್ಕುನೂರು ಎಕರೆಗೂ ಮಿಕ್ಕಿ ಹರಡಿರುವ ಈ ಫಾರಂ ಟಿಪ್ಪು ಸುಲ್ತಾನನ ಕಾಲದಲ್ಲಿ, ಅಂದರೆ 18ನೆಯ ಶತಮಾನದ ಕೊನೆಯ ಭಾಗದಲ್ಲಿ, ದಂಡಿನ ಕುದುರೆಗಳಿಗಾಗಿ ಆರಂಭವಾಯಿತೆಂಬುದು ಊರಿನಲ್ಲಿ ಗಟ್ಟಿಯಾಗಿ ನೆಲೆಸಿರುವ ಹೇಳಿಕೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಒಡೆಯರ ಮೈಸೂರು ಸಂಸ್ಥಾನ ಇಟ್ಟುಕೊಂಡ ಸಿಲ್ಲೇದಾರ್ ಅಶ್ವದಳಕ್ಕೂ ಕುಣಿಗಲ್ಲಿನ ತಳಿಗಾರಿಕೆ ನೆರವಾಯಿತು. ಸಿಲ್ಲೇದಾರನೆಂದರೆ ಸರ್ಕಾರದ ಕುದುರೆಯನ್ನು ಏರದೆ ತನ್ನದೇ ಕುದುರೆ ಮತ್ತು ಆಯುಧಗಳೊಂದಿಗೆ ಸೇವೆಗೆ ನಿಂತು, ಅದಕ್ಕೆ ತಕ್ಕ ಸಂಬಳ ಪಡೆಯುತ್ತಿದ್ದ ಸವಾರ. ಕುದುರೆ ಸತ್ತರೆ ಅಥವಾ ಕುಂಟಾದರೆ ನಷ್ಟ ಅವನದೇ ಆಗಿದ್ದುದರಿಂದ, ಪ್ರಾಣಿಯ ಕಾಲು, ಗೊರಸು, ಉಸಿರು, ಹಲ್ಲುಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವ ವಿದ್ಯೆ ಅವನ ಬದುಕಿಗೇ ಅಗತ್ಯವಾಗಿತ್ತು.

ಯುದ್ಧದಲ್ಲಿ ಕುದುರೆಯ ಪಾತ್ರ ಕುಗ್ಗುತ್ತಾ ಬಂದಂತೆ ಫಾರಂನ ಉದ್ದೇಶವೂ ಬದಲಾಯಿತು. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದ ಸವಾರರ ಜೊತೆಗೂಡಿ ಮೈಸೂರು ಲ್ಯಾನ್ಸರ್ಸ್ ಪಡೆ ಹೈಫಾ ನಗರವನ್ನು ಗೆದ್ದದ್ದು ಅಶ್ವದಳಗಳ ಕೊನೆಯ ದೊಡ್ಡ ವಿಜಯಗಳಲ್ಲಿ ಒಂದಾಗಿದ್ದು, ಅದರ ಬಳಿಕ ಸೈನ್ಯಗಳು ಮೋಟಾರಿನ ಕಡೆಗೆ ವೇಗವಾಗಿ ಹೊರಳಿದವು. ಸ್ವಾತಂತ್ರ್ಯಾನಂತರ ರಾಜ್ಯ ಸರ್ಕಾರದ ಸ್ವತ್ತಾಗಿ ಉಳಿದ ಕುಣಿಗಲ್ ಫಾರಂ ರೇಸಿನ ಕುದುರೆಗಳ ತಳಿಗೆ ಹೆಸರಾಯಿತು. 1992ರಲ್ಲಿ ಇದನ್ನು ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ ದೀರ್ಘಾವಧಿಯ ಗುತ್ತಿಗೆಗೆ ಕೊಡಲಾಯಿತು.

ರೇಸಿಗೆ ಓಡುವ ಥರೋಬ್ರೆಡ್ ಎಂಬ ತಳಿಯ ಸ್ವರೂಪವನ್ನು ಇಲ್ಲಿ ವಿವರಿಸುವುದು ಅಗತ್ಯ. 17ನೆಯ ಶತಮಾನದ ಕೊನೆ ಮತ್ತು 18ನೆಯ ಶತಮಾನದ ಆರಂಭದಲ್ಲಿ ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಗಂಡುಗುದುರೆಗಳಿಗೆ ಇಂದಿನ ಎಲ್ಲ ಥರೋಬ್ರೆಡ್‌ಗಳ ಗಂಡು ವಂಶಾವಳಿ ತಲುಪುತ್ತದೆ. ಈ ವಂಶಾವಳಿಯನ್ನು ಬರೆದಿಡುವ ಪುಸ್ತಕಕ್ಕೆ ಸ್ಟಡ್ ಬುಕ್ ಎಂದು ಹೆಸರು. ಅದರಲ್ಲಿ ತಂದೆತಾಯಿಯರ ದಾಖಲೆಯಿಲ್ಲದ ಕುದುರೆ ಎಷ್ಟೇ ವೇಗವಾಗಿ ಓಡಿದರೂ ಮಾನ್ಯತೆ ಪಡೆದ ಥರೋಬ್ರೆಡ್ ರೇಸಿನಲ್ಲಿ ಸ್ಪರ್ಧಿಸಲಾರದು. ಹೆಣ್ಣುಗುದುರೆ ಸುಮಾರು 11 ತಿಂಗಳು ಗರ್ಭ ಧರಿಸಿ ಒಂದು ಮರಿ ಹಾಕುತ್ತದೆ. ಮರಿ ಯಾವ ತಿಂಗಳಲ್ಲಿ ಹುಟ್ಟಿದರೂ ಅದರ ವಯಸ್ಸನ್ನು ಭಾರತದಲ್ಲಿ ಜನವರಿ 1ರಿಂದಲೇ ಎಣಿಸುವುದು ರೂಢಿಯಾದ ಕಾರಣ, ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದ ಮರಿಗೆ ಓಟದಲ್ಲಿ ಅನುಕೂಲ ಹೆಚ್ಚು. ಎರಡು ವರ್ಷಕ್ಕೆ ಓಡಲು ಆರಂಭಿಸುವ ಈ ಕುದುರೆಗಳಿಗೆ ನಾಲ್ಕನೆಯ ವಯಸ್ಸಿನಲ್ಲಿ ಎದುರಾಗುವ ದೊಡ್ಡ ಪರೀಕ್ಷೆ ಮುಂಬಯಿಯ ಇಂಡಿಯನ್ ಡರ್ಬಿ. 1943ರಲ್ಲಿ ಆರಂಭವಾದ ಈ ಪಂದ್ಯ 2,400 ಮೀಟರ್ ದೂರದ್ದು.

ಪಂದ್ಯ ಕೆಲವು ನಿಮಿಷಗಳಲ್ಲಿ ಮುಗಿದರೂ ಅದರ ಹಿಂದಿನ ದುಡಿಮೆ ವರ್ಷಗಳದ್ದು, ಮತ್ತು ಅದನ್ನು ಹೊರುವವರು ಸೈಸರು. ಕುದುರೆಯ ಮೈ ಉಜ್ಜುವುದು, ಮೇವು ಹಾಕುವುದು, ಗೊರಸು ನೋಡುವುದು, ಮರಿ ಹಾಕುವ ರಾತ್ರಿಗಳಲ್ಲಿ ಲಾಯದಲ್ಲೇ ಎಚ್ಚರವಾಗಿರುವುದು ಇವರ ಕೆಲಸ; ಲಾಳ ಕಟ್ಟುವವನದು ಇನ್ನೊಂದು ನುರಿತ ಕಸಬು. ತೊಟ್ಟಿಯಲ್ಲಿ ಮೇವು ಉಳಿದದ್ದು ಕಂಡೊಡನೆ ಕುದುರೆಗೆ ಹೊಟ್ಟೆನೋವು ಬಂದಿರಬಹುದೆಂದು ಊಹಿಸುವ ತಿಳಿವಳಿಕೆ ಯಾವ ಸ್ಟಡ್ ಬುಕ್ಕಿನಲ್ಲೂ ಬರೆದಿರುವುದಿಲ್ಲ. ಅದನ್ನು ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಬೇಕು.

ಹಿರಿಯರ ಪಕ್ಕದಲ್ಲೇ ಕಸಬು ಕಲಿಯುವ ಈ ಪರಿಗೆ ಗುಬ್ಬಿಯು ಬೇರೊಂದು ಕ್ಷೇತ್ರದಲ್ಲಿ, ಕುಟುಂಬವೇ ಉದ್ಯಮವಾದ ರೂಪದಲ್ಲಿ, ಉದಾಹರಣೆ ಒದಗಿಸುತ್ತದೆ. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣನವರು (1891–1972) ದಕ್ಷಿಣ ಭಾರತದ ದೊಡ್ಡ ವೃತ್ತಿರಂಗಸಂಸ್ಥೆಗಳ ಸಾಲಿಗೆ ಏರಿಸಿದಾಗ, ಹೆಂಡತಿ, ಮಕ್ಕಳು, ಬಂಧುಗಳು ನಟನೆ, ಸಂಗೀತ, ಲೆಕ್ಕಪತ್ರಗಳಲ್ಲಿ ಪಾಲುಗೊಂಡಿದ್ದರು. ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದದ್ದು ಆ ಕಂಪನಿಯ ಖ್ಯಾತ ಸಾಹಸ. 1880ರ ದಶಕದಲ್ಲಿ ತುಮಕೂರಿನ ಮೂಲಕ ಗುಬ್ಬಿಗೆ ರೈಲು ಬಂದುದರಿಂದ ಪರದೆ, ಪೆಟ್ಟಿಗೆ, ಪರಿವಾರಗಳೊಂದಿಗೆ ಊರಿಂದೂರಿಗೆ ಸಂಚರಿಸುವುದು ಇಂಥ ಕಂಪನಿಗಳಿಗೆ ಸಾಧ್ಯವಾಯಿತು. ತೆಂಗಿನಕಾಯಿ, ಕೊಬ್ಬರಿ, ಅಡಿಕೆಗಳ ವ್ಯಾಪಾರಕ್ಕೂ ಅದೇ ಹಳಿ ನೆರವಾಯಿತು.

ರೈಲು ಮುಟ್ಟದ ತೋಟದ ಊರುಗಳಿಗೆ ಎತ್ತಿನ ಗಾಡಿಯೂ ಸೈಕಲ್ಲೂ ದಾರಿಯಾಗಿದ್ದ ಕಾಲದಲ್ಲಿ ಮೋಟಾರ್ ಸೈಕಲ್ ಹೊಸ ಪರ್ವವನ್ನು ತೆರೆಯಿತು, ಮತ್ತು ಆ ಪರ್ವದ ಒಂದು ಮುಖ್ಯ ಕಾರ್ಖಾನೆ ಕನ್ನಡ ನಾಡಿನಲ್ಲೇ ಹುಟ್ಟಿತು. ಫಾರೂಕ್ ಇರಾನಿ ಮತ್ತು ರುಸ್ತುಂ ಇರಾನಿಯವರ ಪಾರ್ಸಿ ಕುಟುಂಬ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿತು. 1961ರಲ್ಲಿ ಆಗಿನ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದನ್ನು ಉದ್ಘಾಟಿಸಿದರು. ಝೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯಲ್ಲಿ ಇಲ್ಲಿ ತಯಾರಾದ 250 ಸಿಸಿ ಬೈಕುಗಳಿಗೆ ಒಂದೇ ಸಿಲಿಂಡರ್ ಇದ್ದರೂ ಎರಡು ಸೈಲೆನ್ಸರ್‌ಗಳು; ಗೇರು ಹಾಕುವ ಸನ್ನೆಯನ್ನೇ ತಿರುಗಿಸಿ ನಿಲ್ಲಿಸಿದರೆ ಅದೇ ಕಿಕ್ಕರ್ ಆಗುತ್ತಿದ್ದುದು ಇವುಗಳ ವೈಶಿಷ್ಟ್ಯ. 1973ರಿಂದ ಇರಾನಿನ ಯಜ್ದ್ ಪಟ್ಟಣವನ್ನು ನೆನಪಿಸುವ ಯೆಜ್ದಿ ಎಂಬ ಹೆಸರಿನಲ್ಲಿ ಬೈಕುಗಳು ಹೊರಬಂದವು. 1978ರ ರೋಡ್‌ಕಿಂಗ್ ಇವುಗಳಲ್ಲಿ ಅತ್ಯಂತ ಜನಪ್ರಿಯವಾಯಿತು.

ಜಾವಾದ ಹಿಂದೆ ಓಟದ ಪರಂಪರೆಯೂ ಇತ್ತು. ಮೈಸೂರಿನ ಕಾರ್ಖಾನೆ ಉದ್ಘಾಟನೆಯಾದ ಅದೇ 1961ರಲ್ಲಿ ಝೆಕ್ ಸವಾರ ಫ್ರಾಂತಿಷೆಕ್ ಷ್ಟ್ಯಾಸ್ಟ್ನಿ ಜಾವಾ ಏರಿ 350 ಸಿಸಿ ವಿಭಾಗದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯ ಸ್ಥಾನ ಪಡೆದನು. ದಕ್ಷಿಣ ಭಾರತದಲ್ಲಿ ಬೈಕ್ ರೇಸಿನ ಹಬ್ಬ ನಡೆಯುತ್ತಿದ್ದುದು ಮದರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುದಾರಿಯನ್ನೇ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಪಂದ್ಯದ ಅಂಗಳವಾಗಿ ಬಳಸಿತು, ಮತ್ತು ಮೈಸೂರಿನ ಬೈಕುಗಳೂ ಅಲ್ಲಿ ಓಡಿದವು. 1982ರಲ್ಲಿ ಕರ್ನಾಟಕದ ಗಡಿಗೆ ಅಂಟಿಕೊಂಡ ಹೊಸೂರಿನ ಟಿವಿಎಸ್ ಸಂಸ್ಥೆ ತನ್ನದೇ ರೇಸಿಂಗ್ ತಂಡವನ್ನು ಕಟ್ಟಿತು. ರೇಸಿನಲ್ಲಿ ಬೈಕನ್ನು ಹಗುರಗೊಳಿಸುವ, ಎಂಜಿನ್ನಿನ ಪೋರ್ಟ್‌ಗಳನ್ನು ತಿದ್ದುವ, ಕಾರ್ಬುರೇಟರನ್ನು ಹೊಂದಿಸುವ ಕಲೆ ಸಣ್ಣ ಊರುಗಳ ಗ್ಯಾರೇಜುಗಳಿಗೂ ಮೆಕ್ಯಾನಿಕ್‌ಗಳ ಬಾಯಿಂದ ಬಾಯಿಗೆ ಹರಡಿತು.

ಕಾರ್ಖಾನೆಯಿಂದ ಊರಿಗೆ ಬೈಕನ್ನು ತಂದವನು ಡೀಲರ್. ಒಂದು ಕಂಪನಿಯ ವಾಹನಗಳನ್ನು ಗೊತ್ತಾದ ಪ್ರದೇಶದಲ್ಲಿ ಮಾರುವ, ಸರ್ವಿಸ್ ಮಾಡುವ, ಬಿಡಿಭಾಗ ಒದಗಿಸುವ ಹಕ್ಕು ಮತ್ತು ಹೊಣೆ ಪಡೆದ ವ್ಯಾಪಾರಿಗೆ ಈ ಹೆಸರು. ಜಿಲ್ಲಾ ಕೇಂದ್ರದಲ್ಲಿ ಡೀಲರ್ ಇದ್ದರೆ ಗುಬ್ಬಿ, ಕುಣಿಗಲ್‌ಗಳಂಥ ತಾಲ್ಲೂಕು ಕೇಂದ್ರಗಳಲ್ಲಿ ಅವನ ಅಡಿಯಲ್ಲಿ ಸಬ್-ಡೀಲರ್ ಇರುವುದು ಸಾಮಾನ್ಯ ಪದ್ಧತಿ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಷೋರೂಂಗಳು, ಅವುಗಳ ಆಸುಪಾಸಿನಲ್ಲಿ ಸ್ಪೇರ್ಸ್ ಅಂಗಡಿ, ಲೇತ್ ವರ್ಕ್ಸ್, ಸೀಟು ಹೊಲಿಯುವ ಅಂಗಡಿ, ಟಿಂಕರಿಂಗ್ ಮತ್ತು ಪೇಂಟಿಂಗ್ ಮಳಿಗೆಗಳು ಬೆಳೆದಿರುವುದು ಈ ವ್ಯವಸ್ಥೆಯ ಫಲ. ಜಿಲ್ಲಾ ಕೇಂದ್ರಗಳ ಇಂಥ ವ್ಯಾಪಾರ ಹೆಚ್ಚಾಗಿ ಕುಟುಂಬದ್ದೇ ಆಗಿರುತ್ತದೆ: ಅಪ್ಪ ಗಲ್ಲಾದಲ್ಲಿ, ಒಬ್ಬ ಮಗ ಸರ್ವಿಸ್ ನೋಡಿಕೊಂಡು, ಇನ್ನೊಬ್ಬ ಆರ್‌ಟಿಒ ಕಚೇರಿಯ ನೋಂದಣಿ ಹಾಗೂ ಸಾಲದ ಕಾಗದಪತ್ರಗಳನ್ನು ಮುಗಿಸಿಕೊಂಡು ನಡೆಸುವ ಈ ಮಳಿಗೆಗಳಲ್ಲಿ, ತೋಟದ ಫಸಲು ಕೈಗೆ ಬಂದಾಗ ಬಾಕಿ ತೀರಿಸುವೆನೆಂಬ ಗಿರಾಕಿಯ ಮಾತಿಗೂ ಬೆಲೆಯಿತ್ತು, ಏಕೆಂದರೆ ಗಿರಾಕಿಯ ಊರು, ಮನೆತನಗಳು ವ್ಯಾಪಾರಿಗೆ ಗೊತ್ತಿರುತ್ತಿದ್ದವು.

ಹಳೆಯ ಬೈಕುಗಳ ದುರಸ್ತಿ ಬೆಳೆದುದಕ್ಕೆ ಟೂ-ಸ್ಟ್ರೋಕ್ ಎಂಜಿನ್ನಿನ ಗುಣವೇ ಕಾರಣ. ಪಿಸ್ಟನ್ ಒಮ್ಮೆ ಮೇಲೇರಿ ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಇಂಧನವನ್ನು ಒಳಗೆಳೆದು, ಒತ್ತಿ, ಉರಿಸಿ, ಹೊಗೆಯನ್ನು ಹೊರದೂಡುವ ಕೆಲಸವೆಲ್ಲ ಮುಗಿಯುವ ಎಂಜಿನ್ನಿಗೆ ಆ ಹೆಸರು. ಇದಕ್ಕೆ ವಾಲ್ವುಗಳ ಜಂಜಾಟವಿಲ್ಲ, ಬದಲಿಗೆ ಸಿಲಿಂಡರಿನ ಗೋಡೆಯಲ್ಲಿ ಪೋರ್ಟ್ ಎಂಬ ಕಿಂಡಿಗಳಿರುತ್ತವೆ. ಎಂಜಿನ್ನಿನ ಒಳಭಾಗಗಳು ಜಾರುವಂತಿರಲು ಪೆಟ್ರೋಲಿಗೇ ಆಯಿಲ್ ಬೆರೆಸಬೇಕಾಗುತ್ತಿತ್ತು. ಬೆರಕೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು, ಹೆಚ್ಚಾದರೆ ಸೈಲೆನ್ಸರಿನಲ್ಲಿ ಮಸಿ ಕಟ್ಟಿ ಬೈಕಿನ ಎಳೆತ ಕುಗ್ಗುತ್ತಿತ್ತು. ಸೈಲೆನ್ಸರಿನ ಒಳಕೊಳವೆಯನ್ನು ಸುಟ್ಟು ಮಸಿ ಉದುರಿಸುವುದು, ಸವೆದ ಸಿಲಿಂಡರನ್ನು ಲೇತಿನವರಲ್ಲಿ ಬೋರ್ ಮಾಡಿಸಿ ಒಂದು ಅಳತೆ ದಪ್ಪದ ಪಿಸ್ಟನ್ ಕೂರಿಸುವುದು, ಕಿಡಿ ಸರಿಯಾದ ಗಳಿಗೆಯಲ್ಲಿ ಹಾರುವಂತೆ ಪಾಯಿಂಟ್ ಗ್ಯಾಪ್ ಹೊಂದಿಸುವುದು ಕೈಯಳತೆಯ ಕೆಲಸಗಳು. ಎಂಜಿನ್ನಿನ ಸದ್ದಿನಿಂದಲೇ ಬೇರಿಂಗ್ ಸವೆದಿದೆಯೋ ಪಿಸ್ಟನ್ ಸಡಿಲವಾಗಿದೆಯೋ ಎಂದು ಹೇಳಬಲ್ಲ ಮೆಕ್ಯಾನಿಕ್‌ನ ಕಿವಿಯೂ ಕುದುರೆಯ ನಡೆಯ ಸಪ್ಪಳದಲ್ಲಿ ಕುಂಟು ಗುರುತಿಸುವ ಸೈಸನ ಕಿವಿಯೂ ಒಂದೇ ಬಗೆಯ ಶಿಷ್ಯವೃತ್ತಿಯಲ್ಲಿ ಪಳಗಿದವು.

1980ರ ದಶಕದ ಮಧ್ಯದಲ್ಲಿ ಜಪಾನಿನ ಸಹಯೋಗದ 100 ಸಿಸಿ ಬೈಕುಗಳು ಬಂದು ಈ ಲೋಕವನ್ನು ಬದಲಿಸಿದವು. 1985ರಲ್ಲಿ ಬಂದ ಹೀರೊ ಹೋಂಡಾ ಸಿಡಿ 100 ಕಡಿಮೆ ಪೆಟ್ರೋಲಿನ ಫೋರ್-ಸ್ಟ್ರೋಕ್ ಬೈಕಾಗಿ ಮನೆಮಾತಾಯಿತು. ಅದೇ ವರ್ಷದ ಯಮಹಾ ಆರ್‌ಎಕ್ಸ್ 100 ಹಗುರ ಮೈಯ ಟೂ-ಸ್ಟ್ರೋಕ್ ಆಗಿದ್ದು ಯುವಕರ ಮನ ಗೆದ್ದಿತು. ತೋಟಗಳ ನಡುವೆ ಕಾಯಿ ಮೂಟೆ ಹೊರುವ ಕೆಲಸವನ್ನು 1980ರಲ್ಲಿ ಮಾರುಕಟ್ಟೆಗೆ ಬಂದಿದ್ದ ಟಿವಿಎಸ್ 50 ಮೊಪೆಡ್ ವಹಿಸಿಕೊಂಡಿತು. ಭಾರವಾದ, ಹೆಚ್ಚು ಪೆಟ್ರೋಲ್ ಕುಡಿಯುವ 250 ಸಿಸಿ ಬೈಕುಗಳಿಗೆ ಗಿರಾಕಿಗಳು ಕಡಿಮೆಯಾಗಿ, ಹೊಗೆಯ ನಿಯಮಗಳೂ ಬಿಗಿಯಾಗಿ, 1996ರಲ್ಲಿ ಐಡಿಯಲ್ ಜಾವಾ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಬೈಕುಗಳು ನಿಲ್ಲಲಿಲ್ಲ. ಪ್ರತಿ ವರ್ಷ ಜುಲೈ ತಿಂಗಳಲ್ಲಿ ಜಾವಾ ದಿನದಂದು ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಜಾವಾ, ಯೆಜ್ದಿಗಳು ಸಾಲಾಗಿ ಹೊರಡುವುದು ಸಾಧ್ಯವಾದದ್ದು, ಹಳೆಯ ಮಳಿಗೆಗಳಲ್ಲಿ ಉಳಿದ ಬಿಡಿಭಾಗಗಳನ್ನು ಹುಡುಕಿ ತಂದು ಕೂಡಿಸಿದ ಮೆಕ್ಯಾನಿಕ್‌ಗಳಿಂದ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೊಸ ಸಂಸ್ಥೆಯೊಂದರ ಮೂಲಕ ಮರಳಿ ಮಾರುಕಟ್ಟೆಗೆ ಬಂದವು.

ಹಳೆಯ ವಾಹನಕ್ಕೆ ಕಾನೂನಿನ ಮಾನ್ಯತೆಯೂ ಈಚೆಗೆ ದೊರೆತಿದೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪ ಕಾಯ್ದುಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳನ್ನು ಕೊಡಲಾಗುತ್ತದೆ. ಇವುಗಳನ್ನು ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿಗಳಿಗಾಗಿ ರಸ್ತೆಗಿಳಿಸಬಹುದೇ ಹೊರತು ದಿನಬಳಕೆಗಲ್ಲ. ತುಮಕೂರಿನ ಕೆಎ-06 ಸಂಖ್ಯೆಯು 1989ರಲ್ಲಿ ಹೊಸ ಪದ್ಧತಿಯೊಂದಿಗೆ ಬಂದದ್ದು. ಅದಕ್ಕೂ ಹಿಂದಿನ ಅಕ್ಷರಮಾಲೆಯ ಸಂಖ್ಯೆ ಹೊತ್ತ ಬೈಕು ಇಂದಿಗೂ ಯಾವುದಾದರೂ ಮನೆಯಲ್ಲಿದ್ದರೆ, ಅದರ ಆರ್‌ಸಿ ಪುಸ್ತಕ ಆ ಊರಿನ ಒಂದು ಚಾರಿತ್ರಿಕ ದಾಖಲೆ, ಕುದುರೆಗೆ ಸ್ಟಡ್ ಬುಕ್ಕಿನ ಪುಟವಿರುವಂತೆ.

ಈ ಮೂರು ಊರುಗಳಲ್ಲಿ ವಾಹನದ ಕಥೆ ಇನ್ನೂ ಬೆಳೆಯುತ್ತಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್ ಸಂಸ್ಥೆ ಕಟ್ಟಿದ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ದೇಶಕ್ಕೆ ಸಮರ್ಪಿತವಾಯಿತು. ಅದೇ ಕಾಲಕ್ಕೆ ಕುಣಿಗಲ್ಲಿನ ಫಾರಂನ ಜಾಗದಲ್ಲಿ ಟೌನ್‌ಶಿಪ್ ನಿರ್ಮಿಸುವ ಪ್ರಸ್ತಾವ ಎದ್ದು, ಊರಿನವರಿಂದ ಅದಕ್ಕೆ ವಿರೋಧವೂ ವ್ಯಕ್ತವಾಯಿತು. ಹೊಸ ಕಾರ್ಖಾನೆಗೆ ಹಣ, ನಕ್ಷೆ, ಯಂತ್ರಗಳನ್ನು ಹೊರಗಿನಿಂದ ತರಬಹುದು. ಆದರೆ ತಲೆಮಾರುಗಳಿಂದ ಕುದುರೆ ಸಾಕಿದ ಹುಲ್ಲುಗಾವಲನ್ನೂ ಅದರೊಂದಿಗೆ ಬೆಳೆದ ಸೈಸರ ಅರಿವನ್ನೂ ಒಮ್ಮೆ ಚೆದುರಿಸಿದ ಬಳಿಕ ಮತ್ತೆ ಕೂಡಿಸಲಾಗದು. ಆದ್ದರಿಂದ ಫಾರಂ ಫಾರಂ ಆಗಿಯೇ ಉಳಿಯಬೇಕು, ಮತ್ತು ತುಮಕೂರಿನ ಹಳೆಯ ಮೋಟಾರ್ ಸೈಕಲ್ ಮಳಿಗೆ, ಗ್ಯಾರೇಜುಗಳ ಬಿಲ್ಲು ಪುಸ್ತಕ, ಫೋಟೋ, ಉಪಕರಣಗಳನ್ನು ಆ ಕಸಬು ಬಲ್ಲ ಹಿರಿಯರು ಇರುವಾಗಲೇ ಸಂಗ್ರಹಿಸಿ, ಅವರ ತಿಳಿವಳಿಕೆಯನ್ನು ಬರಹಕ್ಕೆ ಇಳಿಸಬೇಕು. ದೇವಸ್ಥಾನ, ಶಾಸನ, ಪಾಳೆಯಗಾರರ ವಿವರಗಳಿಗೆ ಜಿಲ್ಲೆಯ ಚರಿತ್ರೆಯಲ್ಲಿ ಎಷ್ಟು ಗೌರವವಿದೆಯೋ ಅಷ್ಟೇ ಗೌರವ, ಈ ನಾಡಿನ ಜನರನ್ನು ಓಡಾಡುವಂತೆ ಮಾಡಿದ ಸೈಸರಿಗೂ ಮೆಕ್ಯಾನಿಕ್‌ಗಳಿಗೂ ಸಲ್ಲತಕ್ಕದ್ದು.