ಜೀನ್ ನೋಡಿ ಮದ್ದು: ಯಾವ ಟೆಸ್ಟ್ ಬೇಕು, ಯಾವುದಕ್ಕೆ ದುಡ್ಡು ದಂಡ?

ಒಂದಿಷ್ಟು ಎಂಜಲು ಕೊಡಿ, ನಿಮ್ಮ ಡಿಎನ್ಎ ನೋಡಿ ಯಾವ ಮದ್ದು ಹಿಡಿಯುತ್ತದೆ, ಯಾವ ಊಟ ಒಗ್ಗುತ್ತದೆ ಅಂತ ಹೇಳ್ತೇವೆ ಎನ್ನುವ ಕಂಪನಿಗಳು ಈಗ ಬೇಕಷ್ಟಿವೆ. ಮೂಡುಬಿದಿರೆ ಪಕ್ಕದ ತೋಡಾರಿನಲ್ಲಿ ಕೂತಿದ್ದರೂ ಕಿಟ್ ಕೊರಿಯರ್‌ನಲ್ಲಿ ಮನೆಗೇ ಬರುತ್ತದೆ. ಬೆಲೆ ಸಾವಿರಗಳ ಲೆಕ್ಕದಲ್ಲಿ. ಮದ್ದು, ಊಟ ಎರಡೂ ಒಂದೇ ಪ್ಯಾಕೇಜಿನಲ್ಲಿ ಬಂದರೂ ಎರಡರ ತೂಕ ಒಂದೇ ಅಲ್ಲ. ಮದ್ದಿನ ವಿಚಾರದಲ್ಲಿ ಗಟ್ಟಿ ವಿಜ್ಞಾನ ಇದೆ, ಆದರೆ ಅದು ಕೆಲವೇ ಮದ್ದುಗಳಿಗೆ ಸೀಮಿತ. ಊಟದ ವಿಚಾರದಲ್ಲಿ ಸದ್ಯಕ್ಕೆ ವ್ಯಾಪಾರವೇ ಜಾಸ್ತಿ.

ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಮಲೇರಿಯಾ. 1990ರ ದಶಕದಿಂದ ಮಂಗಳೂರಿನಲ್ಲಿ ಕಟ್ಟಡಗಳು ಏಳುತ್ತಾ ಹೋದ ಹಾಗೆ ಮಲೇರಿಯಾವೂ ಬೇರು ಬಿಟ್ಟಿತು. ರಾಜ್ಯದ ಪ್ರಕರಣಗಳಲ್ಲಿ ದೊಡ್ಡ ಪಾಲು ದಕ್ಷಿಣ ಕನ್ನಡದ್ದೇ ಆಗಿದ್ದ ವರ್ಷಗಳಿದ್ದವು. ಈಗ ಇಳಿದಿದೆ, ಹೋಗಿಲ್ಲ. ಇಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಜಾತಿ. ಜ್ವರ ಬಿಟ್ಟ ಮೇಲೂ ಈ ಪರಾವಲಂಬಿ ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಅದನ್ನು ಬೇರುಸಹಿತ ತೆಗೆಯಲು ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುತ್ತಾರೆ.

ತೊಂದರೆ ಇರುವುದು ಇಲ್ಲೇ. ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್ ಕೊಟ್ಟರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಸುಸ್ತು, ಏದುಸಿರು. ಸಮಯಕ್ಕೆ ಗೊತ್ತಾಗದಿದ್ದರೆ ರಕ್ತ ಕೊಡಬೇಕಾದೀತು, ಕಿಡ್ನಿಗೆ ಪೆಟ್ಟು ಬೀಳಬಹುದು. ಹೀಗೇಕೆ ಆಗುತ್ತದೆ ಎಂದು ಅಮೆರಿಕದ ಸಂಶೋಧಕರು ಕಂಡುಕೊಂಡದ್ದು 1956ರಲ್ಲಿ. ಅಂದರೆ 'ಜೀನ್ ನೋಡಿ ಮದ್ದು' ಎನ್ನುವುದು ಹೊಸ ಸುದ್ದಿಯೇನಲ್ಲ.

ಇದಕ್ಕೆ ಡಿಎನ್ಎ ಓದಿಸುವ ಅಗತ್ಯವೂ ಇಲ್ಲ. ಕಿಣ್ವದ ಮಟ್ಟ ಅಳೆಯುವ ಮಾಮೂಲು ರಕ್ತಪರೀಕ್ಷೆ ಸಾಕು, ಖರ್ಚು ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಕೊರತೆ ಇದೆ ಎಂದಾದರೆ ವೈದ್ಯರು ಪ್ರೈಮಾಕ್ವಿನ್ನನ್ನು ವಾರಕ್ಕೊಮ್ಮೆಯಂತೆ 8 ವಾರ, ನಿಗಾ ಇಟ್ಟು ಕೊಡಬಹುದು. ನೆರೆಯ ಕೇರಳದ ಸರ್ಕಾರಿ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ ಮಾಡುವ ತಪಾಸಣೆಯಲ್ಲೇ ಜಿ6ಪಿಡಿಯೂ ಸೇರಿದೆ. ಮಲೇರಿಯಾಕ್ಕೆ ಹೆಸರಾದ ನಮ್ಮ ಕರಾವಳಿಯಲ್ಲಿ ಅದು ಯಾಕೆ ಆಗಬಾರದು?

ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹಾಗಾಗಿ ಕೊರತೆ ಹೆಚ್ಚಾಗಿ ಗಂಡಸರಲ್ಲಿ ಕಾಣುತ್ತದೆ, ಬರುವುದು ತಾಯಿಯ ಕಡೆಯಿಂದ. ಸೋದರಮಾವನಿಗೆ ಇದ್ದರೆ ಅಳಿಯನಿಗೂ ಇರಬಹುದು. ಅಳಿಯಸಂತಾನದ ನಾಡಿನವರಿಗೆ ಈ ದಾರಿ ಬಿಡಿಸಿ ಹೇಳಬೇಕಾಗಿಲ್ಲ. ಮಲೇರಿಯಾ ಮದ್ದು ತಗೊಂಡು ಮಾವನಿಗೆ ಹಳದಿಯಾಗಿತ್ತು ಎಂಬ ನೆನಪು ಮನೆಯಲ್ಲಿದ್ದರೆ ಡಾಕ್ಟರಿಗೆ ಹೇಳಿ, ಅದೂ ಒಂದು ಜೆನೆಟಿಕ್ ಮಾಹಿತಿಯೇ.

ಎರಡನೆಯದು ಹೃದಯದ ಮದ್ದು. ಸ್ಟೆಂಟ್ ಹಾಕಿಸಿಕೊಂಡವರು ಇರುವ ಮನೆಯಲ್ಲಿ ಕ್ಲೋಪಿಡೊಗ್ರೆಲ್ ಹೆಸರು ಗೊತ್ತಿರುತ್ತದೆ. ನುಂಗಿದ ಮಾತ್ರೆ ಇದ್ದ ಹಾಗೆಯೇ ಕೆಲಸ ಮಾಡುವುದಿಲ್ಲ, ಪಿತ್ತಜನಕಾಂಗದ ಸಿವೈಪಿ2ಸಿ19 ಕಿಣ್ವ ಅದನ್ನು ಮಾರ್ಪಡಿಸಬೇಕು. ಈ ಕಿಣ್ವದ ಜೀನ್ ದುರ್ಬಲವಾಗಿದ್ದರೆ ಮಾತ್ರೆ ದಿನಾ ನುಂಗಿದರೂ ರಕ್ತ ಹೆಪ್ಪುಗಟ್ಟುವುದು ಸರಿಯಾಗಿ ತಡೆಯುವುದಿಲ್ಲ. ಅಮೆರಿಕದ ಎಫ್‌ಡಿಎ 2010ರಲ್ಲೇ ಇದಕ್ಕೆ ತನ್ನ ಅತಿ ಕಟುವಾದ ಎಚ್ಚರಿಕೆ ಹಾಕಿಸಿತು. ಬ್ರಿಟನ್‌ನಲ್ಲಿರುವ ಬಾಂಗ್ಲಾದೇಶಿ, ಪಾಕಿಸ್ತಾನಿ ಮೂಲದವರ ಮೇಲಿನ 2023ರ ಅಧ್ಯಯನದಲ್ಲಿ ಶೇ. 57 ಮಂದಿಯಲ್ಲಿ ಈ ಕಿಣ್ವ ಪೂರ್ತಿ ಅಥವಾ ಅರೆಬರೆ ದುರ್ಬಲವಾಗಿತ್ತು. ಲೆಕ್ಕ ತುಳುನಾಡಿನದ್ದಲ್ಲ, ಆದರೆ ಉಪಖಂಡದ ನಾವು ತೀರಾ ಬೇರೆ ಇರಲಾರೆವು.

ಹಾಗಂತ ಸ್ಟೆಂಟ್ ಹಾಕಿಸಿಕೊಂಡ ಎಲ್ಲರೂ ಟೆಸ್ಟಿಗೆ ಓಡಬೇಕು ಅಂತ ನಾನು ಹೇಳುವುದಿಲ್ಲ. ಪ್ರಸುಗ್ರೆಲ್, ಟಿಕಾಗ್ರೆಲರ್ ಎಂಬ ಬೇರೆ ಮದ್ದುಗಳಿವೆ, ಅವಕ್ಕೆ ಈ ತಕರಾರಿಲ್ಲ. ಅವುಗಳಲ್ಲಿ ರಕ್ತಸ್ರಾವದ ಅಪಾಯ ತುಸು ಹೆಚ್ಚು. ಕ್ಲೋಪಿಡೊಗ್ರೆಲ್ ತಪ್ಪದೆ ತಗೊಂಡರೂ ಸ್ಟೆಂಟ್ ಮತ್ತೆ ಕಟ್ಟಿಕೊಂಡವರು ಮಾತ್ರ ಈ ಟೆಸ್ಟ್ ಬಗ್ಗೆ ಹೃದ್ರೋಗ ತಜ್ಞರನ್ನು ಕೇಳಲೇಬೇಕು. ಇನ್ನೊಂದು, ಮೆಡಿಕಲ್ ಶಾಪಿನಿಂದ ನಾವೇ ತಂದು ನುಂಗುವ 'ಗ್ಯಾಸ್' ಮಾತ್ರೆ ಒಮೆಪ್ರಜೋಲ್ ಇದೇ ಕಿಣ್ವವನ್ನು ತಡೆಯುತ್ತದೆ. ಜೀನ್ ಚೆನ್ನಾಗಿದ್ದವರಲ್ಲೂ ಮದ್ದಿನ ಬಲ ಕುಗ್ಗಬಹುದು. ಅದನ್ನು ಬದಲಿಸಲು ಯಾವ ಲ್ಯಾಬೂ ಬೇಡ, ವೈದ್ಯರನ್ನು ಒಂದು ಮಾತು ಕೇಳಿದರಾಯಿತು. ಹೃದಯದ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಇಂಜೆಕ್ಷನ್ ಕತೆಯೂ ಇಂಥದ್ದೇ. ಅದರ ಪರಿಣಾಮ ಕೆಲವೇ ನಿಮಿಷ. ಆದರೆ ಆರ್ಯವೈಶ್ಯ ಸಮುದಾಯದ ಕೆಲವರಲ್ಲಿ ಅದನ್ನು ಕರಗಿಸುವ ಕಿಣ್ವವೇ ಇರುವುದಿಲ್ಲ. ಗಂಟೆಗಟ್ಟಲೆ ಉಸಿರಾಟ ಮರಳದೆ ವೆಂಟಿಲೇಟರ್‌ನಲ್ಲಿ ಇಡಬೇಕಾಗುತ್ತದೆ. ಒಳಗೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಒಂದು ಜೀನ್ ಬದಲಾವಣೆ ಹೀಗೆ ಗಟ್ಟಿಯಾಗಿ ಉಳಿದುಬಿಡುತ್ತದೆ. ಅರಿವಳಿಕೆ ತಜ್ಞರು ಸಮುದಾಯ ಯಾವುದು ಎಂದು ಕೇಳಿದರೆ ಮುಖ ಸಿಂಡರಿಸಬೇಡಿ, ಕೇಳದಿದ್ದರೆ ನೀವೇ ಹೇಳಿ. ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಕೂಡ ಕೆಲವು ಏಷ್ಯನ್ನರಲ್ಲಿ ಚರ್ಮ ಸುಲಿಯುವ ಮಾರಕ ಪ್ರತಿಕ್ರಿಯೆ ತರುತ್ತದೆ. ಸಿಂಗಾಪುರದಲ್ಲಿ ಮಾತ್ರೆ ಶುರು ಮಾಡುವ ಮೊದಲೇ ಜೀನ್ ನೋಡುವ ಪದ್ಧತಿ ಇದೆ.

ಇನ್ನು ಊಟ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೊಬ್ಬು ಕಡಿಮೆ ಮಾಡಿದ ಊಟ, ಪಿಷ್ಟ ಕಡಿಮೆ ಮಾಡಿದ ಊಟ, ಎರಡರಲ್ಲಿ ಯಾವುದು ಯಾರಿಗೆ ಹೊಂದುತ್ತದೆ ಎಂದು ಜೀನ್ ನೋಡಿ ಹೇಳಬಹುದೇ ಎಂಬುದು ಪ್ರಶ್ನೆ. ಆಗಲಿಲ್ಲ. ಜೀನಿಗೂ ಇಳಿದ ತೂಕಕ್ಕೂ ಸಂಬಂಧ ಕಾಣಲಿಲ್ಲ. ಡಯಾಬಿಟಿಸ್ ಇರುವವರು ಕುಚ್ಚಲಕ್ಕಿ ಗಂಜಿ ಎಷ್ಟು ಕುಡಿಯಬಹುದು ಎಂದು ತಿಳಿಯಲು ಗ್ಲೂಕೋಮೀಟರ್ ಇದೆ, ಅದು ಎಂಜಲ ಕಿಟ್‌ಗಿಂತ ಸರಿಯಾಗಿ ಹೇಳುತ್ತದೆ.

ಊಟದಲ್ಲಿ ಜೀನ್ ಲೆಕ್ಕಕ್ಕೆ ಬರುವ ಒಂದೆರಡು ಜಾಗಗಳೂ ಇವೆ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಶಕ್ತಿ ಉತ್ತರ ಭಾರತಕ್ಕಿಂತ ದಕ್ಷಿಣದವರಲ್ಲಿ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರು ಎರಡು ವಾರ ಬಿಟ್ಟು ನೋಡಿದರೆ ಉತ್ತರ ಪುಕ್ಕಟೆ ಸಿಗುತ್ತದೆ. ಮಜ್ಜಿಗೆ ಹೆಚ್ಚಿನವರಿಗೆ ತೊಂದರೆ ಮಾಡುವುದಿಲ್ಲ.

ಸರ್ಕಾರದ ಜೀನೋಮ್ ಇಂಡಿಯಾ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿ 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿದೆ. ಬೆಂಗಳೂರಿನ ಐಐಎಸ್ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಇದರ ಮುಂದಾಳು. ಇನ್ನು ಮುಂದಾದರೂ ಯುರೋಪಿಯನ್ನರ ಲೆಕ್ಕ ಎರವಲು ತರುವುದು ಕಡಿಮೆಯಾಗಬೇಕು.

ಟೆಸ್ಟ್ ಮಾಡಿಸಿದವರು ರಿಪೋರ್ಟ್ ಬಿಸಾಡಬೇಡಿ. ಶುಗರ್ ರಿಪೋರ್ಟಿನ ಹಾಗೆ ಇದು ಹಳತಾಗುವುದಿಲ್ಲ, ಜೀನ್ ಬದಲಾಗುವುದಿಲ್ಲ. ಫೋನಿನಲ್ಲಿ ಒಂದು ಫೋಟೋ ಇರಲಿ, ಚೀಟಿಯಲ್ಲಿ ಮದ್ದಿನ ಹೆಸರೂ ಬರೆದಿರಲಿ. ಜಿ6ಪಿಡಿ ಕಿಣ್ವದ ಪರೀಕ್ಷೆಗೆ ಮಾತ್ರ ಒಂದು ಎಚ್ಚರ ಬೇಕು. ರಕ್ತಕಣ ಒಡೆದ ಕೂಡಲೇ ಅಥವಾ ರಕ್ತ ಕೊಟ್ಟ ಮೇಲೆ ಮಾಡಿಸಿದರೆ ಕೊರತೆ ಇದ್ದವರಿಗೂ 'ನಾರ್ಮಲ್' ಅಂತ ಬರಬಹುದು. ಅಂಥವರು ಸುಮಾರು ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು.