ಮಂದ್ರಕ್ಕೊಂದು, ತಾರಕ್ಕೊಂದು ಆಂಪ್ಲಿಫೈಯರ್

ಹಳೇ ಸ್ಪೀಕರ್ ಪೆಟ್ಟಿಗೆಯೊಳಗೆ ಕ್ರಾಸ್‌ಓವರ್ ಅಂತ ಒಂದು ಸರ್ಕ್ಯೂಟ್ ಇರುತ್ತೆ. ಮಂದ್ರವನ್ನು ವೂಫರಿಗೂ, ತಾರವನ್ನು ಟ್ವೀಟರಿಗೂ ಹಂಚುವುದು ಅದರ ಕೆಲಸ. ಈ ಹಂಚಿಕೆಯನ್ನು ಆಂಪ್ಲಿಫೈಯರಿಗೆ ಮೊದಲೇ ಮುಗಿಸಿ, ಒಂದೊಂದಕ್ಕೂ ಬೇರೆ ಆಂಪ್ಲಿಫೈಯರ್ ಕೊಟ್ಟರೆ ಅದು ಆಕ್ಟಿವ್. 1976ರಲ್ಲಿ ಎಚ್‌ಪಿಯ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್, ಹಂಚಿದ ದನಿಗಳು ಮತ್ತೆ ಸಮವಾಗಿ ಕೂಡುವ ಫಿಲ್ಟರನ್ನು ಪ್ರಕಟಿಸಿದರು. ಸಹೋದ್ಯೋಗಿ ರಸ್ ರೈಲಿಯ ಹೆಸರೂ ಸೇರಿ ಅದು ‘ಲಿಂಕ್‌ವಿಟ್ಜ್-ರೈಲಿ’ ಆಯ್ತು. ನಮ್ಮಂಥ ಹವ್ಯಾಸಿಗಳಿಗೆ ಹಬ್ಬ!

ಆದರೆ ಅದೇ ದಶಕದ ಬಿಬಿಸಿ ಎಲ್‌ಎಸ್3/5ಎ ನೋಡಿ. ನಮ್ಮ ಮುಂಬೈ ಫ್ಲಾಟಿನ ಹಾಗೇ ಇಕ್ಕಟ್ಟಾದ ಪ್ರಸಾರ ವ್ಯಾನುಗಳಿಗೆಂದು ಮಾಡಿದ್ದು. ಅದರ ಕ್ರಾಸ್‌ಓವರ್ ದನಿ ಹಂಚುವುದಷ್ಟೇ ಅಲ್ಲ, ವೂಫರಿನ ಓರೆಕೋರೆಯನ್ನೂ ತಿದ್ದುತ್ತೆ. ಅದನ್ನು ಕಿತ್ತು ಬರೀ ಹಂಚಿಕೆ ಮಾಡಿದರೆ ಆ ಸ್ಪೀಕರಿನ ದನಿಯೇ ಹೋಯ್ತು. ಆಕ್ಟಿವ್ ಮಾಡಿ, ಬೇಡ ಅನ್ನಲ್ಲ. ಆ ತಿದ್ದುಪಡಿಯನ್ನೂ ಹೊಸದರಲ್ಲಿ ಸೇರಿಸಿ. ಹಳೇ ಸರ್ಕ್ಯೂಟನ್ನು ಮಾತ್ರ ಗುಜರಿಗೆ ಹಾಕಬೇಡಿ ಅಂತೀನಿ ನಾನು.